ಕಾಳಿಯ ಅಳಿವೆಯಲ್ಲಿ ಕಯಾಕ್, ಮಾಜಾಳಿಯವರೆಗೆ ಸೈಕಲ್

ಕಾರವಾರದಲ್ಲಿ ಕಯಾಕಿಂಗ್ ಹಾಗೂ ಸೈಕಲ್ ಸವಾರಿಯನ್ನು ಒಂದೇ ದಿನಕ್ಕೆ ಹೊಂದಿಸಿಕೊಡುವ ಈ ಪ್ರವಾಸದಲ್ಲಿ ಕೊಟ್ಟ ಹಣ ಸಾರ್ಥಕವೆನಿಸುವುದು ಬೆಳಗಿನ ಭಾಗದಲ್ಲಿ. ಕಾಳಿ ನದಿ ಅರಬ್ಬಿ ಸಮುದ್ರವನ್ನು ಸೇರುವ ಅಳಿವೆಯ ಒಳಮಗ್ಗುಲಲ್ಲಿ, ಉಬ್ಬರ ಏರುತ್ತಿರುವಾಗಲೇ ನಮ್ಮನ್ನು ನೀರಿಗಿಳಿಸಿದ್ದರಿಂದ, ಹೆಚ್ಚು ಹುಟ್ಟು ಹಾಕದೆಯೇ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ನಡುವಿನ ಕಿರುಗಾಲುವೆಗಳನ್ನು ಹೊಕ್ಕೆವು. ಇಳಿತದ ವೇಳೆ ಅಲ್ಲಿ ಬರೀ ಕೆಸರು. ಆ ಕೆಸರಿನಿಂದ ಮೇಲಕ್ಕೆ ಚಾಚಿ ನಿಂತ ಉಸಿರುಬೇರುಗಳನ್ನೂ ಅವುಗಳ ಬುಡದಲ್ಲಿ ಸರಿದಾಡುವ ಏಡಿಗಳನ್ನೂ ಕೈಗೆಟಕುವಷ್ಟು ಹತ್ತಿರದಿಂದ ನೋಡಬಹುದು. ಮಾರ್ಗದರ್ಶಕರು ಪ್ರತಿಯೊಬ್ಬರ ಲೈಫ್ ಜಾಕೆಟ್‌ನ ಪಟ್ಟಿಯನ್ನೂ ತಾವೇ ಎಳೆದು ಪರೀಕ್ಷಿಸಿದ್ದು ಮೆಚ್ಚುವಂಥದ್ದು.

ಆನಂತರ ಸದಾಶಿವಗಡದಿಂದ ಮಾಜಾಳಿಯವರೆಗೆ ಸೈಕಲ್. ತೆಂಗಿನ ತೋಟಗಳ ನಡುವಿನ ಒಳದಾರಿ ಸೊಗಸಾಗಿದೆ. ಆದರೆ ಲಾರಿಗಳ ಜೊತೆಗೆ ಸಾಗಬೇಕಾದ ರಾಷ್ಟ್ರೀಯ ಹೆದ್ದಾರಿ 66ರ ಭಾಗ ಮಕ್ಕಳಿಗೆ ತಕ್ಕದ್ದಲ್ಲ. ನನಗೆ ಕೊಟ್ಟ ಸೈಕಲ್ಲಿನ ಹಿಂಬದಿಯ ಬ್ರೇಕ್ ಸಡಿಲವಾಗಿತ್ತು, ಹೇಳಿದ ಮೇಲೆ ಬದಲಿಸಿದರು. ಅದಕ್ಕಿಂತ ದೊಡ್ಡ ಕೊರತೆಯೆಂದರೆ ನಡುವೆ ಸಿಹಿನೀರಿನ ಸ್ನಾನಕ್ಕೆ ವ್ಯವಸ್ಥೆಯಿಲ್ಲದಿರುವುದು. ಉಪ್ಪುನೀರಿನಲ್ಲಿ ನೆನೆದ ಬಟ್ಟೆಯಲ್ಲೇ ಸೀಟಿನ ಮೇಲೆ ಕೂರುವುದು ಹಿಂಸೆಯೇ ಸರಿ. ಬಂಗುಡೆ ಮೀನಿನ ಸಾರು, ಸೋಲಕಡಿ (ಕೋಕಂ ಹಾಗೂ ತೆಂಗಿನಹಾಲಿನ ಪಾನೀಯ) ಇದ್ದ ಊಟ ಚೆನ್ನಾಗಿತ್ತು. ಹೋಗುವವರು ಹಣ ಕಟ್ಟುವ ಮೊದಲೇ ಆ ದಿನದ ಉಬ್ಬರದ ವೇಳೆಯನ್ನು ಕೇಳಿಕೊಳ್ಳುವುದು ಒಳ್ಳೆಯದು.