ಪ್ಯಾರಿಸ್‌ನಲ್ಲಿ ಡೊಮಿಯೆ ಪ್ರಿಂಟ್ ತಗೊಂಡ ಅಂಗಡಿ ಬಗ್ಗೆ

ಸೇನ್ ನದಿ ಹತ್ರದ ಒಂದು ಗಲ್ಲಿಲಿರೋ ಹಳೇ ಪ್ರಿಂಟ್ ಅಂಗಡಿ ಇದು, ಹೆಸರು ಹಾಕ್ತಿಲ್ಲ ಯಾಕಂದ್ರೆ ಒಂದು ಕಂಪ್ಲೇಂಟೂ ಇದೆ. 19ನೇ ಶತಮಾನದ ಫ್ರೆಂಚ್ ವ್ಯಂಗ್ಯಚಿತ್ರಕಾರ ಒನೊರೆ ಡೊಮಿಯೆ ಬರೆದ 'ನ್ಯಾಯಾಲಯದ ಮಂದಿ' ಸರಣಿದು ಒಂದು ಲಿಥೋಗ್ರಾಫ್ (ಕಲ್ಲಿನ ಮೇಲೆ ಬರೆದು ಅಚ್ಚು ಹಾಕಿದ ಚಿತ್ರ) ತಗೊಂಡೆ, 90 ಯೂರೋ. ಕೇಸ್ ಸೋತು ಅಳ್ತಿರೋ ಹೆಂಗಸು, ಜೊತೆಗೊಂದು ಮಗು, ವಕೀಲ ಮಾತ್ರ ಗತ್ತಲ್ಲಿ ಕೇಸ್ ಹೋಯ್ತು ನಿಜ ಆದ್ರೆ ನನ್ನ ವಾದ ಕೇಳೋ ಸುಖ ಸಿಕ್ತಲ್ಲ ಅಂತಾನೆ. ನೋಡಿ ಹೊಟ್ಟೆ ಉರಿದೋಯ್ತು. ಡೊಮಿಯೆ ಹುಡುಗನಾಗಿದ್ದಾಗ ಕೋರ್ಟ್ ಅಮೀನನ ಆಫೀಸಲ್ಲಿ ಚಿಲ್ರೆ ಕೆಲಸಕ್ಕೆ ಓಡಾಡ್ತಿದ್ದ, ಈ ಮುಖಗಳನ್ನೆಲ್ಲ ಹತ್ರದಿಂದ ನೋಡಿದೋನು.

ಅಂಗಡಿಯವರ ತಾಳ್ಮೆಗೆ ಪೂರ್ತಿ ಮಾರ್ಕ್ಸು. ಒಂದೇ ಚಿತ್ರದ ಎರಡು ಪ್ರತಿ ಮೇಜಿನ ಮೇಲಿಟ್ರು, ಒಂದು ದಪ್ಪ ಬಿಳಿ ಪೇಪರ್ ಮೇಲೆ ಅಚ್ಚಾಗಿದ್ದು ಹಿಂದುಗಡೆ ಖಾಲಿ, ರೇಟ್ ಕೇಳಿದ್ರೆ ಎದೆ ಝಲ್ ಅನ್ಸುತ್ತೆ, ಇನ್ನೊಂದು 'ಲ ಶಾರಿವಾರಿ' ಪತ್ರಿಕೆಯಿಂದಾನೇ ತೆಗೆದ ಹಾಳೆ, ಬೆಳಕಿಗೆ ಹಿಡಿದ್ರೆ ಹಿಂದಿನ ಅಕ್ಷರ ಎಲ್ಲ ಈ ಕಡೆ ಕಾಣುತ್ತೆ. ಬಿಳಿದರಲ್ಲಿ ಕಲ್ಲಿನ ಮೇಲೆ ಜಿಡ್ಡಿನ ಬಳಪ ಓಡಿದ ಗೆರೆ, ಕಪ್ಪು ಕೋಟಿನ ಮಡಿಕೆ ಎಲ್ಲ ಚೆನ್ನಾಗಿ ಎದ್ದು ಕಾಣುತ್ತೆ, ಒಪ್ತೀನಿ. ಆದ್ರೂ ನಾನು ಪತ್ರಿಕೆ ಹಾಳೆನೇ ಆರಿಸ್ದೆ, ಆಗಿನ ಜನ ದಿನಾ ಬೆಳಿಗ್ಗೆ ಕೈಲಿ ಹಿಡಿದಿದ್ದು ಇದನ್ನೇ ತಾನೆ. ಆಗಿನ ಫ್ರಾನ್ಸ್ ರಾಜ ಲೂಯಿ ಫಿಲಿಪ್‌ನ ಹಳೇ ಫ್ರೆಂಚ್ ಕಥೆಯ ಹೊಟ್ಟೆಬಾಕ ಗಾರ್ಗಾಂತುವಾ ರಾಕ್ಷಸನ ಥರ ಬರೆದಿದ್ದಕ್ಕೆ 1832ರಲ್ಲಿ ಡೊಮಿಯೆ ಜೈಲು ಸೇರಿದ್ದ, ಆಮೇಲೆ 1835ರಲ್ಲಿ ಸರ್ಕಾರದ ಪರ್ಮಿಷನ್ ಇಲ್ದೆ ಚಿತ್ರ ಹಾಕ್ಬಾರ್ದು ಅಂತ ಕಾನೂನು ಬಂತು, ಹಂಗಾಗಿ ರಾಜಕೀಯ ಬಿಟ್ಟು ವಕೀಲರು, ಮನೆ ಓನರ್‌ಗಳು, ಗಂಡ ಹೆಂಡ್ತಿ ಜಗಳ ಇವೆಲ್ಲ ಹಾಳೆಗೆ ಬಂದ್ವು.

ಅವರು ಹೇಳಿದ ಇನ್ನೊಂದು ವಿಷ್ಯ, ಚಿತ್ರದ ಕೆಳಗೆ ಅಚ್ಚಾಗಿರೋ ಮಾತು ಸಾಮಾನ್ಯವಾಗಿ ಡೊಮಿಯೆ ಬರೆದಿದ್ದಲ್ಲ, ಪತ್ರಿಕೆಯಲ್ಲಿದ್ದ ಬೇರೆಯವ್ರು ಬರೀತಿದ್ರು. ಅದನ್ನ ಕೈಲಿ ಮುಚ್ಚಿ ಬರೀ ಮುಖ ನೋಡಿ ಅಂದ್ರು, ನೋಡಿದೆ, ವಕೀಲನ ಗದ್ದ ಒಂದೇ ಸಾಕು ಎಲ್ಲ ಹೇಳೋಕೆ!

ಈಗ ಕಂಪ್ಲೇಂಟು. ಮನೆಗೆ ಬಂದು ಮೌಂಟ್ (ಚಿತ್ರ ಕೂರಿಸಿರೋ ರಟ್ಟು) ಬಿಚ್ಚಿದ್ರೆ ಹಿಂದೆ ಮೇಲಂಚಿಗೆ ಹಳೇ ಗಮ್ ಟೇಪು, ಪೇಪರ್ ಅಲ್ಲೆಲ್ಲ ಕಂದು ಬಣ್ಣಕ್ಕೆ ತಿರುಗಿದೆ, ನನಗೆ ತುಂಬಾ ಬೇಜಾರಾಯ್ತು. ಮೊದ್ಲೇ ಹೇಳಿದ್ರೂ ತಗೋತಿದ್ದೆ, ಹೇಳ್ದೆ ಇದ್ದಿದ್ದು ತಪ್ಪು. ನೀವು ಇಂಥ ಅಂಗಡಿಗೆ ಹೋದ್ರೆ ದುಡ್ಡು ಕೊಡೋ ಮುಂಚೆ ಮೌಂಟ್ ತೆಗ್ಸಿ ಹಿಂಭಾಗ ನೋಡಿ. ಬಾಡಿಗೆದಾರರು, ಮಾಲೀಕರ ಸರಣಿ ಇನ್ನೊಂದು ಡ್ರಾಯರ್‌ನಲ್ಲಿತ್ತು, ಟೈಮ್ ಸಾಲ್ಲಿಲ್ಲ, ಅದಕ್ಕೋಸ್ಕರ ಇನ್ನೊಂದ್ಸಲ ಹೋಗ್ತೀನಿ.