ಮೀಟರ್ 12.5 ತೋರಿಸಿದ ಮೆಕ್ಕೆಜೋಳ: ದನ, ಕೋಳಿ ಸಾಕುವವರೇ ಹುಷಾರ್

ದಾವಣಗೆರೆ ಕಡೆಯ ವ್ಯಾಪಾರಿಯೊಬ್ಬನ ಹತ್ತಿರ 20 ಕ್ವಿಂಟಲ್ ಮೆಕ್ಕೆಜೋಳ ತಂದು ಟೋಪಿ ಹಾಕಿಸಿಕೊಂಡಿದ್ದೇವೆ. ಹೇಳಿಕೊಳ್ಳೋಕೆ ನಾಚಿಕೆ. ಆದರೂ ಓದಿ.

ಮೀಟರಿನಲ್ಲಿ ತೇವಾಂಶ ಶೇ. 12.5 ಬಂತು, ಚೆನ್ನಾಗಿ ಒಣಗಿದ ಲೆಕ್ಕ. ಕಾಳು ಹಳದಿ, ಮಿರಮಿರ ಅಂತಿತ್ತು. ಮೀಟರ್ ಸುಳ್ಳು ಹೇಳಲಿಲ್ಲ, ಅದಕ್ಕೇ ಹೊಟ್ಟೆ ಉರಿಯೋದು! ಅದು ಹೇಳೋದು ಇವತ್ತಿನ ತೇವ ಮಾತ್ರ. ಮಳೆಗೆ ಸಿಕ್ಕ ರಾಶಿ ಶೇ. 20ರ ಮೇಲೆ ತೇವ ಇಟ್ಟುಕೊಂಡು ಟಾರ್ಪಾಲಿನಡಿ ಕಾವೇರಿದರೆ ಬೂಷ್ಟು ಬಾರದೆ ಇರುತ್ತಾ? ಆಮೇಲೆ ಒಣಗಿಸಿ, ಜರಡಿ ಹಿಡಿದು, ಫ್ಯಾನ್ ಗಾಳಿಗೆ ತೂರಿದ್ದಾರೆ. ಹಸಿರು ಪುಡಿ ಹಾರಿಹೋಯಿತು, ಬೂಷ್ಟು ಬಿಟ್ಟ ವಿಷ, ಅಫ್ಲಾಟಾಕ್ಸಿನ್, ಕಾಳಿನೊಳಗೇ ಉಳೀತು.

ನಾಲ್ಕನೇ ಚೀಲ ಸುರಿದಾಗ ಹೆಂಟೆ ಹೆಂಟೆಯಾಗಿ ಅಂಟಿಕೊಂಡ ಕಾಳು ಬಿತ್ತು, ಮುಗ್ಗಲು ವಾಸನೆ. ಅಡಕತ್ತರಿಯಲ್ಲಿ ಸೀಳಿ ನೋಡಿದರೆ ಮೊಳಕೆ ಜಾಗದಲ್ಲಿ ಹಳದಿ-ಹಸಿರು ಪುಡಿ.

ಫೋನ್ ಮಾಡಿದರೆ, "ಅಣ್ಣಾ, ಅದು ಧೂಳು." ಫೋಟೋ ಕಳಿಸಿದರೆ, "ಬಿಸಿಲಿಗೆ ಹಾಕಿ, ಸರಿಹೋಗುತ್ತೆ." ಬಿಸಿಲಿಗೆ ತೇವ ಹೋಗುತ್ತೆ, ವಿಷ ಹೋಗಲ್ಲ ಮಾರಾಯ! ಕೊನೆಗೆ, "ನುಚ್ಚು ಮಾಡಿ ಒಳ್ಳೇದಕ್ಕೆ ಬೆರೆಸಿ. ದನಕ್ಕೆ ತಾನೆ, ಮನುಷ್ಯರು ತಿಂತಾರಾ?"

ಮನುಷ್ಯರೇ ತಿಂತಾರೆ. ಹಸು ತಿಂದ ಅಫ್ಲಾಟಾಕ್ಸಿನ್ ಬಿ1, ಒಂದು ದಿನದೊಳಗೆ ಎಂ1 ಅನ್ನೋ ಇನ್ನೊಂದು ರೂಪದ ವಿಷ ಆಗಿ ಹಾಲಿಗಿಳಿಯುತ್ತೆ. ಕಾಯಿಸಿದರೂ ಹೋಗಲ್ಲ. ಹಾಲಿಗೆ ಮಿತಿ ಕೆಜಿಗೆ 0.5 ಮೈಕ್ರೋಗ್ರಾಂ ಅಷ್ಟೆ. 1974ರಲ್ಲಿ ರಾಜಸ್ಥಾನದ ಬಾಂಸವಾಡಾ, ಗುಜರಾತಿನ ಪಂಚಮಹಲ್ ಹಳ್ಳಿಗಳಲ್ಲಿ ಮಳೆಗೆ ನೆಂದು ಹೀಗೇ ಬೂಷ್ಟು ಹಿಡಿದ ಮೆಕ್ಕೆಜೋಳ ತಿಂದು ಲಿವರ್ ಕೆಟ್ಟು ನೂರಕ್ಕೂ ಹೆಚ್ಚು ಜನ ಸತ್ತರು, ಅದೇ ರೊಟ್ಟಿ ತಿಂದ ನಾಯಿಗಳೂ ಸತ್ತವು. ನಮ್ಮ ಮಾಲು ಲ್ಯಾಬಿನಲ್ಲಿ 74 ಪಿಪಿಬಿ, ಅಂದರೆ ಕೆಜಿಗೆ 74 ಮೈಕ್ರೋಗ್ರಾಂ. ಪಶು ಆಹಾರಕ್ಕೆ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಮಿತಿ 20.

ಅವನೇ ಕೊಡುವ ಸ್ಯಾಂಪಲ್ ಮುಟ್ಟಬೇಡಿ. ಅಟ್ಟಿಯ ಅಡಿಯ, ಗೋಡೆ ಕಡೆಯ ಚೀಲ ಎಳೆಸಿ, ಹತ್ತಾರು ಕಡೆಯಿಂದ ತೆಗೆದು ನಾಲ್ಕೈದು ಕೆಜಿ ಮಾಡಿ. ಪೂರ್ತಿ ಬೀಸಿಸಿ, ಕಲೆಸಿ, ಆಮೇಲೆ ಲ್ಯಾಬಿಗೆ ಕಳಿಸಿ. ವಿಷ ಎಲ್ಲ ಕಾಳಲ್ಲಿ ಇರಲ್ಲ, ಸಾವಿರಕ್ಕೆ ಕೆಲವು ಕಾಳಲ್ಲಿ ಗುಂಪಾಗಿ ಕೂತಿರುತ್ತೆ. ಒಂದು ಹಿಡಿಯಲ್ಲಿ ಸೊನ್ನೆ, ಪಕ್ಕದ ಹಿಡಿಯಲ್ಲಿ ನೂರಾರು. ರಿಪೋರ್ಟ್ ಬರೋವರೆಗೆ ಪೂರ್ತಿ ದುಡ್ಡು ಕೊಡಬೇಡಿ. ನಾವು ಕೊಟ್ಟೆವು. ಟಾಕ್ಸಿನ್ ಬೈಂಡರ್ (ವಿಷ ಹೀರಿಕೊಳ್ಳಲಿ ಅಂತ ಮೇವಿಗೆ ಬೆರೆಸುವ ಪುಡಿ) ಹಾಕಿ ತಿನ್ನಿಸಿ ಅನ್ನೋರ ಮಾತೂ ಬೇಡ. ಇಷ್ಟು ಕೆಟ್ಟ ಜೋಳವನ್ನು ಅದು ಒಳ್ಳೇದು ಮಾಡಲ್ಲ.

ನಿನ್ನೆ ಅವನೇ ಫೋನ್ ಮಾಡಿದ್ದ: "ಬೇಡ ಅಂದ್ರೆ ಚೀಲ ವಾಪಸ್ ಕಳಿಸಿ ಅಣ್ಣಾ, ದುಡ್ಡು ಆಮೇಲೆ ನೋಡೋಣ. ಕೋಳಿ ಫಾರಂನೋರು ಕೇಳ್ತಾ ಇದ್ದಾರೆ."