ಎಫ್‌ಎಂಟಿ: ಕೆಲಸಗಾರನೇ ಸರಿ, ಕನ್ನಡದ ಲೆಕ್ಕ ಮಾತ್ರ ಬಾರದು

ಅಜ್ಜಿಯ ಅಡುಗೆ ಟಿಪ್ಪಣಿಗಳನ್ನು ಮೊಬೈಲಿನಲ್ಲಿ ಟೈಪ್ ಮಾಡಿಟ್ಟಿದ್ದೆ. ಸಾಲುಗಳು ಎಲ್ಲೆಂದರಲ್ಲಿ ಮುರಿದಿದ್ದವು. ಲಿನಕ್ಸ್‌ನ ಎಫ್‌ಎಂಟಿ ಎಂಬ, ಸಾಲುಗಳನ್ನು ನಿಗದಿತ ಅಗಲಕ್ಕೆ ಹೊಂದಿಸುವ ಪುಟ್ಟ ಸಾಧನ ಒಂದೇ ಆಜ್ಞೆಗೆ ಪ್ಯಾರಾಗಳನ್ನು ಜೋಡಿಸಿತು. ಆದರೆ ಸಾಲಿಗೆ ಮೂರೋ ನಾಲ್ಕೋ ಪದ! ಇದರ ರೂಢಿಯ ಅಗಲ 75. ನನ್ನ ಹಳೆಯ ಲ್ಯಾಪ್‌ಟಾಪಿನಲ್ಲಿರುವ ಆವೃತ್ತಿ ಎಣಿಸುವುದು ಅಕ್ಷರವನ್ನಲ್ಲ, ಬೈಟನ್ನು, ಅಂದರೆ ಕಂಪ್ಯೂಟರ್ ಮಾಹಿತಿ ಅಳೆಯುವ ಘಟಕವನ್ನು. ‘ಅಮ್ಮ’ ನಮಗೆ ಎರಡಕ್ಷರ, ಕಂಪ್ಯೂಟರ್ ಅಕ್ಷರಗಳನ್ನು ಬೈಟುಗಳಾಗಿ ಉಳಿಸುವ ಯುಟಿಎಫ್-8 ಪದ್ಧತಿಯಲ್ಲಿ 12 ಬೈಟ್. ಡಬ್ಲ್ಯು ಆಯ್ಕೆಯಲ್ಲಿ ಅಗಲವನ್ನು 200ಕ್ಕೆ ಏರಿಸಿದ ಮೇಲೆ ಪುಟ ಪುಟದಂತೆ ಕಂಡಿತು. ಸಾಲು ಮುರಿಯುವ ಇನ್ನೊಂದು ಆಜ್ಞೆಯಾದ ಫೋಲ್ಡ್‌ಗಿಂತ ಇದು ವಾಸಿ, ಅದು ಅಕ್ಷರದ ಹೊಟ್ಟೆಯನ್ನೇ ಸೀಳಿ ಪ್ರಶ್ನೆಚಿಹ್ನೆ ಉದುರಿಸಿತ್ತು.

ಒಂದು ಸಿಟ್ಟು ಉಳಿದಿದೆ: ಒಂದರ ಕೆಳಗೊಂದು ಬರೆದಿದ್ದ ಜೀರಿಗೆ, ಮೆಣಸು, ಬೆಲ್ಲವನ್ನು ಇದು ಒಂದೇ ಸಾಲಿಗೆ ಕಲಸಿಬಿಟ್ಟಿತು. ಪಟ್ಟಿಯ ಒಂದೊಂದು ಸಾಲಿನ ನಡುವೆಯೂ ಖಾಲಿ ಸಾಲು ಸೇರಿಸುತ್ತ ಒಂದು ಭಾನುವಾರ ಕಳೆಯಿತು. ಐದಕ್ಕೆ ಮೂರೂವರೆ ಅಂಕ.